ನಲವತ್ತಮೂರು ಪ್ರವಾಸಕಥನಗಳೂ ನನ್ನ ಪಾಸ್‌ಪೋರ್ಟೂ

ಈ ಸಲ ಸಮುದ್ರ ದಾಟಿಯೇ ತೀರುವುದೆಂದು ನಾನು ಶಪಥ ಮಾಡಿದ್ದೆ! ದೇಶ ಸುತ್ತು, ಕೋಶ ಓದು ಎನ್ನುತ್ತಾರಲ್ಲ, ಅದರಲ್ಲಿ ಕೋಶದ ಪಾಲನ್ನು ಚಾಚೂ ತಪ್ಪದೆ ಮುಗಿಸಿದ್ದೆ. ಪರದೇಶದಲ್ಲಿ ನೆಲೆಸಿದವರು, ಅಲೆದವರು, ದಾರಿ ತಪ್ಪಿದವರು ಬರೆದ ನಲವತ್ತಮೂರು ಪುಸ್ತಕ! ಕಚೇರಿಯಲ್ಲಿ ಯಾರಾದರೂ ಹಿಮ ಎಂದರೆ ಸಾಕು, ಯಾವ ಹಿಮಕ್ಕೆ ಯಾವ ಬೂಟು ಎಂದು ಊಟದ ಬಿಡುವು ಮುಗಿಯುವವರೆಗೂ ಕೊರೆಯುತ್ತಿದ್ದೆ. ನಾನು ಕಣ್ಣಾರೆ ಕಂಡ ಹಿಮ ನಮ್ಮ ಫ್ರಿಜ್ಜಿನದು ಮಾತ್ರ.

ನನ್ನಾಕೆ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನಾವಿಬ್ಬರು ಹೋದ ಅತಿ ದೂರದ ಜಾಗ ಅವಳ ಚಿಕ್ಕಮ್ಮನ ಮನೆ. ಒಂದು ದಿನ ನನ್ನ ಪುಸ್ತಕ ಕಿತ್ತಿಟ್ಟು, "ರೀ, ಓದಿದ್ದು ಸಾಕು. ಹೋಗೇಬಿಡೋಣ" ಎಂದಳು. ಹತ್ತು ದಿನದ ಪ್ರವಾಸಿ ತಂಡದಲ್ಲಿ ಹೆಸರು ಬರೆಸಿದೆವು. ಟಿಕೆಟ್ಟೂ ಬಂತು, ಪಾಸ್‌ಪೋರ್ಟಿಗೆ ಠಸ್ಸೆಯೂ ಬಿತ್ತು.

ಈಗ ನನ್ನ ಪಾಂಡಿತ್ಯ ಜಾಗೃತವಾಯಿತು! ನಾನು ಓದಿದ ನಲವತ್ತಮೂರು ಮಂದಿಯಲ್ಲಿ ಇಪ್ಪತ್ತೊಂಬತ್ತು ಮಂದಿ ಪಾಸ್‌ಪೋರ್ಟ್ ಕಳೆದುಕೊಂಡವರು. ಮೂವತ್ತನೆಯವನು ನಾನಾಗಬಾರದು. ಪ್ರಾಣ ಹೋದರೂ ಸರಿ, ಪಾಸ್‌ಪೋರ್ಟ್ ಹೋಗಕೂಡದು!

"ನೋಡೇ, ಕಳ್ಳ ಚೀಲ ಕದೀತಾನೆ, ಕೋಟು ಕದೀತಾನೆ. ಪುಸ್ತಕ ಮಾತ್ರ ಯಾವ ಕಳ್ಳನೂ ಮುಟ್ಟಲ್ಲ" ಎಂದು ಸಾರಿ, ಲೈಬ್ರರಿಯಿಂದ ತಂದಿದ್ದ ದಪ್ಪನೆಯ ಪ್ರವಾಸಕಥನವೊಂದರ ಪ್ಲಾಸ್ಟಿಕ್ ಹೊದಿಕೆಯೊಳಗೆ ನನ್ನ ಪಾಸ್‌ಪೋರ್ಟ್ ತೂರಿಸಿದೆ. ಅದನ್ನೇ ವಿಮಾನದಲ್ಲಿ ಓದುತ್ತಾ ಹೋಗುವುದು. ಒಂದೇ ಕಲ್ಲಿಗೆ ಎರಡು ಹಕ್ಕಿ!

"ನಿಂದೂ ಕೊಡು."

"ನಂದು ನನ್ನ ಕೈಚೀಲದಲ್ಲೇ ಇರ್ಲಿ ಬಿಡಿ."

"ಮೂವತ್ತನೆಯವಳು ನೀನೇ!" ಎಂದು ನಕ್ಕೆ.

ಹೊರಡುವ ಹಿಂದಿನ ಸಂಜೆ ಅವಳು ಕಿಟಕಿ ಭದ್ರಪಡಿಸುತ್ತಾ, "ಮನೆ ಹತ್ತು ದಿನ ಬೀಗ. ಲೈಬ್ರರಿ ಪುಸ್ತಕ ಎಲ್ಲಾ ಕೊಟ್ಟುಬನ್ನಿ" ಎಂದಳು. ಐದನ್ನು ಕೊಟ್ಟು, ಪಾಸ್‌ಪೋರ್ಟ್ ಇದ್ದದ್ದರ ಅವಧಿ ಮಾತ್ರ ಮುಂದುವರಿಸಿಕೊಂಡು ಬರೋಣವೆಂದು ಆರೂ ಪುಸ್ತಕಗಳನ್ನು ಎದೆಗವಚಿಕೊಂಡು ಹೋದೆ. ಲೈಬ್ರರಿಯ ಮೇಡಂ, "ನಾಳೆ ಪ್ರಯಾಣ ಅಂತೆ! ಹುಷಾರು ಸರ್" ಎಂದದ್ದೇ ತಪ್ಪಾಯಿತು. ಪಾಸ್‌ಪೋರ್ಟನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬ ಬಗ್ಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಮಾತಿನ ಭರದಲ್ಲಿ ಒಂದೊಂದೇ ಪುಸ್ತಕ ಎತ್ತಿ ಕೊಡುತ್ತಾ ಆರನ್ನೂ ಕೊಟ್ಟುಬಿಟ್ಟೆ!

ಮರುದಿನ ಬೆಳಿಗ್ಗೆ ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ, "ಪಾಸ್‌ಪೋರ್ಟ್ ಸರ್?" ಎಂದಳು.

"ಬಹಳ ಭದ್ರವಾಗಿದೆಯಮ್ಮ!" ಎಂದು ಮೀಸೆ ತಿರುವಿದೆ. ಚೀಲಕ್ಕೆ ಕೈ ಹಾಕಿದೆ. ಪುಸ್ತಕವಿಲ್ಲ. ಚೀಲ ಸುರಿದೆ. ಬನಿಯನ್ನು, ಬ್ರಶ್ಶು, ಮಾತ್ರೆ, ಕಾಲುಚೀಲ ಎಲ್ಲಾ ಇವೆ. ಆಗ ಲೈಬ್ರರಿಯ ಮೇಜು ಕಣ್ಮುಂದೆ ಬಂತು ನೋಡಿ!

ಮೇಡಂಗೆ ಫೋನ್ ಮಾಡಿದೆ. "ಇವತ್ತು ಭಾನುವಾರ ಸರ್, ಲೈಬ್ರರಿಗೆ ಬೀಗ. ನಾನು ಅಕ್ಕನ ಊರಿಗೆ ಬಂದಿದ್ದೀನಿ. ಆದರೆ ನೀವೇನೂ ಚಿಂತೆ ಮಾಡ್ಬೇಡಿ, ಆ ಪುಸ್ತಕ ಯಾರೂ ಮುಟ್ಟಲ್ಲ."

ನನ್ನ ಮಾತನ್ನೇ ನನಗೆ ತಿರುಗಿಸಿ ಹೇಳಿದರು, ಪುಣ್ಯಾತ್ಗಿತ್ತಿ!

ತಂಡದವರು ಒಳಗೆ ಸಾಗುತ್ತಿದ್ದರು. ನನ್ನಾಕೆ ಇಂಗು ತಿಂದ ಮಂಗನಂತೆ ನಿಂತ ನನ್ನನ್ನು ಒಮ್ಮೆ ನೋಡಿದಳು, ಗಡಿಯಾರವನ್ನು ಒಮ್ಮೆ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಮೂರ್ಖತನಕ್ಕೆ ಅವಳ ಇಪ್ಪತ್ತೆರಡು ವರ್ಷದ ಆಸೆ ಯಾಕೆ ಬಲಿಯಾಗಬೇಕು?

"ನೀನು ಹೋಗು" ಎಂದೆ.

ಬೇಡ ಎನ್ನುತ್ತಾಳೆ, ನಾನು ಬಲವಂತ ಮಾಡಬೇಕು, ಅವಳು ಅಳಬೇಕು ಎಂದೆಲ್ಲ ಮನಸ್ಸಿನಲ್ಲೇ ಸಿದ್ಧನಾಗಿದ್ದೆ.

"ಸರಿ ರೀ. ಗ್ಯಾಸ್ ಆಫ್ ಮಾಡೋದು ಮರೀಬೇಡಿ" ಎಂದವಳೇ ಹೊರಟೇಹೋದಳು!

ಸೋಮವಾರ ಲೈಬ್ರರಿಯ ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಂತೆ. ಪಾಸ್‌ಪೋರ್ಟ್ ಇಟ್ಟಲ್ಲೇ ಇತ್ತು. ಅದನ್ನು ಹಿಡಿದು ಪ್ರವಾಸದ ಏಜೆಂಟನ ಬಳಿ ಓಡಿದೆ. "ತಂಡದ ಟಿಕೆಟ್ಟು ಸರ್, ದಿನ ಬದಲಾಯಿಸೋಕಾಗಲ್ಲ" ಎಂದ. ಹತ್ತು ದಿನ ನಾನೇ ಬೇಯಿಸಿ, ನಾನೇ ತಿಂದು, ನಾನೇ ಬೈದುಕೊಂಡೆ.

ಅವಳು ಬಂದಳು, ಮುಖ ಕಳಕಳ ಎನ್ನುತ್ತಿತ್ತು. ಬಂದವಳು ಸುಮ್ಮನಿರದೆ ಮಕ್ಕಳ ಲೆಕ್ಕದ ನೋಟ್‌ಬುಕ್ಕಿನಲ್ಲಿ ಪ್ರವಾಸಕಥನ ಬರೆಯಲು ಕೂತಳು! ಮೂರು ವಾರಕ್ಕೆ ನೂರಹನ್ನೆರಡು ಪುಟ. "ಇದರಲ್ಲಿ ನೀವು ಪಂಡಿತರಲ್ವಾ, ಓದಿ ಹೇಳಿ" ಎಂದು ಕೈಗಿಟ್ಟಳು.

ಗಂಡನನ್ನು ಬಿಟ್ಟುಹೋದ ವಿರಹ ಎಷ್ಟು ಪುಟ ಹರಿದಿದೆಯೋ ನೋಡೋಣವೆಂದು, ಹಟ ಹಿಡಿದು ಒಂದಕ್ಷರ ಬಿಡದೆ ಓದಿದೆ. ಬೀದಿಗಳಿದ್ದವು, ಸೇತುವೆಗಳಿದ್ದವು, ದಾರಿ ತೋರಿಸಿದ ಒಬ್ಬ ಅಜ್ಜಿಗೇ ಎಂಟು ಪುಟವಿತ್ತು. ನೂರಹನ್ನೆರಡು ಪುಟದಲ್ಲಿ ನನಗೆ ಸಂಬಂಧಪಟ್ಟದ್ದು ಎಂದು ಸಿಕ್ಕಿದ್ದು ಎರಡೇ ಸಾಲು:

"ವಿಮಾನದಲ್ಲಿ ಅದೃಷ್ಟಕ್ಕೆ ಪಕ್ಕದ ಸೀಟು ಖಾಲಿ ಇತ್ತು. ಕಾಲು ಚಾಚಿ ಹಾಯಾಗಿ ಮಲಗಿದೆ."