ಎದುರು ಮನೆಯ ಮೀಟರು

ಹೊಟ್ಟೆಕಿಚ್ಚಿಗೂ ಒಂದು ಅಂತಸ್ತು ಬೇಕೆಂದು ನಾನು ನಂಬಿದವನು. ಇನ್ನೊಬ್ಬರ ಬಂಗಲೆ, ಕಾರು, ಬಡ್ತಿ ಕಂಡು ಉರಿದುಕೊಂಡರೆ ಕೇಳಿದವರು ಅರ್ಥ ಮಾಡಿಕೊಳ್ಳುತ್ತಾರೆ. ಎದುರು ಮನೆಯ ಕರೆಂಟು ಮೀಟರು ಕಂಡು ಹೊಟ್ಟೆ ಉರಿಯುತ್ತಿದೆ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ನನಗೆ ಉರಿದದ್ದು ಮಾತ್ರ ಅದಕ್ಕೇ.

ಗಲ್ಫಿಗೆ ದುಡಿಯಲು ಬಂದ ನಾವಿರುವುದು ಸೆಗಯಾದಲ್ಲಿ; ನಮ್ಮ ಫ್ಲಾಟಿನ ಎದುರು ಬಾಗಿಲು ಲ್ಯಾನ್ಸಿಯದು. ಉಡುಪಿ ಕಡೆಯವನು, ಕೆಲಸ ಅವಾಲಿಯಲ್ಲಿ, ಹೆಂಡತಿ ಐರಿನ್ ಆಸ್ಪತ್ರೆಯಲ್ಲಿ ನರ್ಸು. ಮನುಷ್ಯ ತುಂಬ ಒಳ್ಳೆಯವನು. ನನ್ನ ಕಷ್ಟವೂ ಅದೇ, ಬೈಯಲು ಒಂದು ಕಾರಣವನ್ನೂ ಕೊಡುವುದಿಲ್ಲ. ಈ ಬೇಸಿಗೆಯಲ್ಲಿ ಕಟ್ಟಡದ ಮಾಲೀಕರು, ಬೇಕಾದವರು ಇನ್ನು ಬೇರೆ ಕಂಪನಿಯ ಕರೆಂಟಿಗೆ ಬದಲಾಗಬಹುದು ಎಂದರು. ಲ್ಯಾನ್ಸಿ ಮರುದಿನವೇ ಬದಲಾದ. ಶುಕ್ರವಾರ ಚಹಾಕ್ಕೆ ಬಂದವನು ಫೋನು ತೆರೆದು, ಅವನ ಮನೆ ಆ ಕ್ಷಣ ಎಷ್ಟು ಕರೆಂಟು ಕುಡಿಯುತ್ತಿದೆ ಎಂಬುದನ್ನು ಏರಿಳಿಯುವ ಹಸಿರು ಗೆರೆಯಲ್ಲಿ ತೋರಿಸಿದ. ನನ್ನ ಹೆಂಡತಿ ಸುಜಾತಾ ಅದನ್ನು ಮೊಮ್ಮಗುವಿನ ಫೋಟೋ ನೋಡಿದ ಹಾಗೆ ನೋಡಿ, "ನಮ್ಮದು ಯಾಕೆ ಹೀಗಿಲ್ಲ?" ಎಂದಳು.

ನಮ್ಮದೂ ಸ್ಮಾರ್ಟ್ ಮೀಟರೇ. ಅದು ಬಂದ ಹೊಸತರಲ್ಲಿ ನಾನೂ ನೆಂಟರನ್ನು ಕರೆದು ತೋರಿಸಿದವನೇ. ಈಗ ಅದರ ಪರದೆ ಮಂಕಾಗಿ, ಅಂಕಿಗಳಲ್ಲಿ ಅರ್ಧ ಕಾಣದೆ, ಕಿವಿ ಕೇಳದ ಅಜ್ಜನಂತೆ ಗೋಡೆಯಲ್ಲಿ ಕೂತಿತ್ತು. ಹೊಸ ಕಂಪನಿಗೆ ಫೋನು ಮಾಡಿದರೆ, ಆ ಕಡೆಯ ಹುಡುಗಿ ಹಿಂದಿಯಲ್ಲಿ, "ಸರ್, ನಿಮ್ಮ ಮೀಟರು ನಮ್ಮ ಜೊತೆ ಮಾತಾಡುವುದಿಲ್ಲ. ಮೊದಲು ಅದನ್ನು ಬದಲಾಯಿಸಿ, ಆಮೇಲೆ ನೀವು ಬದಲಾಗಿ" ಎಂದಳು. ಮಾಲೀಕರ ಆಫೀಸಿನಲ್ಲಿ ಇನ್ಶಾ ಅಲ್ಲಾ ಎಂದರು. ಇನ್ಶಾ ಅಲ್ಲಾ ಎಂದರೆ ನಾಳೆಯೂ ಆಗಬಹುದು, ಮುಂದಿನ ಬೇಸಿಗೆಯೂ ಆಗಬಹುದು. ದಿನವೂ ಹೋಗಿ ಕೂತೆ. ಕೊನೆಗೆ ನನ್ನ ಕಾಟ ತಾಳಲಾರದೆ ಮೀಟರು ಬದಲಾಯಿಸಿಕೊಟ್ಟರು.

ಇನ್ನೇನು ಗೆದ್ದೆ ಎನ್ನುವಾಗ ಒಂದು ತೊಡಕು ಬಂತು. ನನ್ನ ಫೋನಿನ ಸಿಮ್ ಆಫೀಸಿನ ಹೆಸರಿನಲ್ಲಿತ್ತು, ಕಂಪನಿ ಅದನ್ನು ಒಪ್ಪಲಿಲ್ಲ. ಸುಜಾತಾಳ ನಂಬರು ಕೊಟ್ಟೆ. ಹಸಿರು ಗೆರೆ ಅವಳ ಫೋನಿಗೆ ಹೋಯಿತು.

ನನ್ನದು ಕಾರ್ಗೋ ಆಫೀಸು, ಮಧ್ಯಾಹ್ನ ಉದ್ದನೆಯ ಬಿಡುವು. ಮನೆಗೆ ಬಂದು, ಎರಡೂ ಎಸಿ ಹಾಕಿ, ಹೊರಗೆ ರಸ್ತೆ ಕುದಿಯುವಾಗ ದಪ್ಪ ಕಂಬಳಿ ಹೊದ್ದು ಮಲಗುವುದು ನನ್ನ ಬಹುಕಾಲದ ಸುಖ. ಹೊಸ ಮೀಟರು ಬಂದ ಮಧ್ಯಾಹ್ನ ಕಣ್ಣು ಹತ್ತುವಷ್ಟರಲ್ಲಿ ಫೋನು. ಸನದ್‌ನ ಕ್ಲಿನಿಕ್ಕಿನ ರಿಸೆಪ್ಶನ್‌ನಲ್ಲಿ ಕೆಲಸಕ್ಕೆ ಕೂತ ಸುಜಾತಾ ಕೇಳಿದಳು, "ಒಂದು ಜನಕ್ಕೆ ಎರಡು ಎಸಿ ಎಂತಕ್ಕೆ?"

"ಒಂದೇ ಹಾಕಿದ್ದು ಮಾರಾಯ್ತಿ."

"ಹಾಗಾದ್ರೆ ಗೆರೆ ಸುಳ್ಳು ಹೇಳ್ತದಾ?"

ಎದ್ದು ಹಾಲಿನ ಎಸಿ ಆರಿಸಿ ಬಂದೆ. ಸಂಜೆ ಮೆಟ್ಟಿಲಲ್ಲಿ ಸಿಕ್ಕ ಲ್ಯಾನ್ಸಿಯ ಹತ್ತಿರ ಸುಜಾತಾಳ ಫೋನಿನ ಕಥೆ ಹೇಳಿ, "ನೀನೂ ಐರಿನ್‌ಗೆ ಹೀಗೇ ಫೋನ್ ಮಾಡ್ತೀಯಾ?" ಎಂದು ಕೇಳಿದೆ. ಅವನು ಸ್ವಲ್ಪ ನಾಚಿಕೊಂಡ. "ಇಲ್ಲ ಮಾರಾಯ. ಅವಳಿಗೆ ನೈಟ್ ಡ್ಯೂಟಿ ಅಲ್ಲವಾ? ಬೆಳಿಗ್ಗೆ ಗೆರೆ ಮೇಲೆ ಹೋದ್ರೆ ಅವಳು ಮನೆಗೆ ಮುಟ್ಟಿದಳು, ಎಸಿ ಹಾಕಿ ಮಲಗಿದಳು ಅಂತ ಗೊತ್ತಾಗ್ತದೆ. ಅಷ್ಟರವರೆಗೆ ನನಗೆ ಕೆಲಸದಲ್ಲಿ ಮನಸ್ಸು ಇರುವುದಿಲ್ಲ. ಅದಕ್ಕೇ ಹಾಕಿಸಿದ್ದು."

ಇಷ್ಟು ದಿನ ಉರಿದದ್ದು ಏನೂ ಅಲ್ಲ, ನಿಜವಾದ ಉರಿ ಆಗ ಹತ್ತಿತು. ಒಂದೇ ಮೀಟರು, ಒಂದೇ ಗೆರೆ. ಅವನ ಮನೆಯಲ್ಲಿ ಅದು ಪ್ರೀತಿ, ನನ್ನ ಮನೆಯಲ್ಲಿ ಪೊಲೀಸು. ನನ್ನ ಗೆರೆಗಾಗಿಯೂ ಯಾರಾದರೂ ಕಾಯಬಾರದೇ?

ಮರುದಿನ ಮಧ್ಯಾಹ್ನ ಒಂದು ಎಸಿಯನ್ನೂ ಹಾಕಲಿಲ್ಲ. ಗೆರೆ ಏಳದಿದ್ದರೆ ಸುಜಾತಾ ಗಾಬರಿಯಾಗುತ್ತಾಳೆ, ಗಂಡ ದಾರಿಯಲ್ಲಿ ಎಲ್ಲಿ ಬಿದ್ದನೋ ಎಂದು ಓಡಿ ಬರುತ್ತಾಳೆ ಎಂದುಕೊಂಡು ಬನಿಯನ್ ಹಿಂಡಿಕೊಳ್ಳುತ್ತ ನೆಲದ ಮೇಲೆ ಕೂತೆ. ಊಟದ ತಟ್ಟೆ ಕೂಡ ಬಿಸಿಯಾಗಿತ್ತು. ಆಫೀಸಿಗೆ ಹೊರಡುವ ಹೊತ್ತಿಗೆ ಫೋನು ಬಂತು.

"ಇವತ್ತು ಗೆರೆ ಏಳಲೇ ಇಲ್ಲ ಅಲ್ಲವಾ?" ಎಂದಳು. ಅವಳ ದನಿಯಲ್ಲಿ ಏನೋ ಇತ್ತು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದೆ.

"ಹೆದರಿದೆಯಾ?"

"ಹೆದರುವುದು ಎಂತಕ್ಕೆ? ಖುಷಿ ಆಯ್ತು. ಗೆರೆಯ ಫೋಟೋ ಐರಿನ್‌ಗೂ ಕಳಿಸಿದೆ. ಇನ್ನು ದಿನಾ ಹೀಗೇ ಇರಿ."

ಸಂಜೆ ಲ್ಯಾನ್ಸಿ ಎದುರಾದ. ಯಾವಾಗಲೂ ನಗುವವನು ಅಂದು ನಗಲಿಲ್ಲ. "ಎಂತ ಮಾರಾಯ, ನೀನು ಎಸಿ ಇಲ್ಲದೆ ಇರ್ತೀಯಂತೆ? ನಿನ್ನನ್ನು ನೋಡಿ ಕಲಿಯಬೇಕಂತೆ ನಾನು. ಐರಿನ್ ಎರಡು ಸಲ ಹೇಳಿದಳು" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆ ನೋಟವನ್ನು ನಾನು ಚೆನ್ನಾಗಿ ಬಲ್ಲೆ. ಬೇಸಿಗೆಯಿಡೀ ಅವನನ್ನು ನಾನು ನೋಡಿದ್ದು ಹಾಗೆಯೇ. ಜೀವನದಲ್ಲಿ ಮೊದಲ ಸಲ ಒಬ್ಬ ಮನುಷ್ಯ ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದ. ಅದನ್ನು ಕಳೆದುಕೊಳ್ಳಲು ಮನಸ್ಸು ಬರುವುದಿಲ್ಲ. ಆದ್ದರಿಂದ ಈಗ ದಿನವೂ ಮಧ್ಯಾಹ್ನ, ಹೊಸ ಮೀಟರಿನ ಕೆಳಗೆ, ಬೆವರುತ್ತ ಕೂತಿರುತ್ತೇನೆ.