ಗೋಡೆ ದಾಟದ ಬೆಳಕು

ದೀಪದ ಕಾರ್ಖಾನೆಯಲ್ಲಿ ಬಲ್ಬು ಪರೀಕ್ಷಿಸುವ ನಮ್ಮ ವಿಜ್ಞಾನಿಗೆ (ಈ ಬಿರುದು ಹೆಂಡತಿ ಕೊಟ್ಟದ್ದು, ಸಿಟ್ಟಿನಲ್ಲಿ) ಪಿಸುಮಾತು ಬಾರದು. ಅವನು ಗುಟ್ಟು ಹೇಳಿದರೆ ಬೀದಿಗೆಲ್ಲ ಕೇಳುತ್ತದೆ. ಇಂಥವನನ್ನು ಕೂರಿಸಿಕೊಂಡು ಡಾಕ್ಟರು, "ನಿಮ್ಮ ತಾಯಿಗೆ ಹೆಚ್ಚೆಂದರೆ ಮೂರು ತಿಂಗಳು," ಅಂದುಬಿಟ್ಟರು. ಅಮ್ಮನಿಗೆ ಮಾತ್ರ ತಿಳಿಯಕೂಡದು ಎಂದು ಅವನು ಹಟ ಹಿಡಿದ.

"ಫೋನಲ್ಲಿ ಮೆಸೇಜ್ ಹಾಕಿ, ಸಾಕು," ಎಂದಳು ಹೆಂಡತಿ.

"ವೈಫೈ ಗೋಡೆ ದಾಟತ್ತೆ ಕಣೆ, ಯಾರು ಬೇಕಾದ್ರೂ ಕದೀಬಹುದು. ಬೆಳಕು ದಾಟಲ್ಲ!"

ಹಾಗೆಂದು ಮಲಗುವ ಕೋಣೆಯ ದೀಪಕ್ಕೆ ಮಾತು ಕಲಿಸಿದ. ಅವನು ಬರೆದದ್ದನ್ನು ಅದು ಕಣ್ಣಿಗೆ ತಿಳಿಯದಷ್ಟು ಬೇಗ ಮಿನುಗಿ ಹೇಳುವುದು. ಹೆಂಡತಿ ಮೊಬೈಲಿನ ಕ್ಯಾಮೆರಾ ಹಿಡಿದರೆ ಅಕ್ಷರ ಮೂಡುವುದು. ಕಿಟಕಿಗೆ ಎರಡು ಪರದೆ, ಬಾಗಿಲ ಸಂದಿಗೆ ಹಳೇ ಟವೆಲು. ಇಂಥ ಬಂದೋಬಸ್ತು ರಾಜರ ಖಜಾನೆಗೂ ಇರಲಿಲ್ಲ. ಪ್ರತಿ ಸಂಜೆ ಕೆಲಸದಿಂದ ಬಂದವನೇ ಒಳಗೆ ಸೇರಿ, ಮಂಚದ ಈ ತುದಿಯಿಂದ ಆ ತುದಿಯಲ್ಲಿ ಕೂತ ಹೆಂಡತಿಗೆ ದೀಪದಲ್ಲಿ ದುಃಖ ತೋಡಿಕೊಳ್ಳುವನು. "ಅಮ್ಮ ಇಲ್ಲದ ಮನೆಗೆ ಹೇಗೆ ಬರಲಿ?" ಎಂದು ದೀಪ ಕೇಳುವುದು. ಅವಳು ಬಾಯಲ್ಲೇ "ಹೂಂ" ಎಂದು ಕಣ್ಣೊರೆಸಿಕೊಳ್ಳುವಳು.

ಹನ್ನೆರಡನೆಯ ದಿನ ಬೆಳಿಗ್ಗೆ ಅಮ್ಮ ತನ್ನ ಮೊಬೈಲು ಚಾಚಿದಳು. "ಅಕ್ಷರ ತೀರಾ ಸಣ್ಣದು ಕಣೋ. ದೊಡ್ಡದು ಮಾಡ್ಕೊಡು."

ನೋಡಿದರೆ, ಅವನ ದುಃಖವೆಲ್ಲ ತಾರೀಕಿನ ಸಮೇತ ಅಲ್ಲಿ ಸಾಲಾಗಿ ನಿಂತಿತ್ತು.

ವಿಜ್ಞಾನಿಯ ಮುಖ ಬಿಳಿಚಿತು. ದೀಪದ ಮಾತು ಓದುವ ಆ್ಯಪನ್ನು ಅಮ್ಮನ ಮೊಬೈಲಿಗೆ ಹಾಕಿದವನು ಅವನೇ. ದೀಪವೇ ಮಾತ್ರೆಯ ಹೊತ್ತು ಹೇಳಲಿ ಎಂದು ಮೊದಲು ಪ್ರಯೋಗ ಮಾಡಿದ್ದು ಅವಳ ಮೇಲೆಯೇ. ಕೆಳಗಿನ ಸಂದಿಗೆ ಟವೆಲು ತುರುಕಿದ ಮಹಾಶಯ ಬಾಗಿಲ ಮೇಲಿನ ಗಾಜನ್ನು ಮರೆತಿದ್ದ. ಅದರಿಂದ ಬಿದ್ದ ಬೆಳಕು ನಡುಮನೆಯ ಸೂರಿನ ಮೇಲೆ, ಅಮ್ಮನ ಮಂಚಕ್ಕೆ ನೇರವಾಗಿ ಆಡುತ್ತಿತ್ತು.

"ಮಾತ್ರೆ ಹೊತ್ತಾಯ್ತೇನೋ ಅಂತ ಆ ಬೆಳಕಿಗೆ ಮೊಬೈಲು ಹಿಡಿದೆ ಕಣೋ," ಎಂದಳು ಅಮ್ಮ.

"ಮೊದಲ ದಿನಾನೇ ಯಾಕಮ್ಮ ಹೇಳಲಿಲ್ಲ?" ಅವನು ಅವಳ ಕಾಲ ಬಳಿ ಕೂತ.

"ನಿನ್ನ ದೀಪಕ್ಕೆ ಹೇಳೋದಷ್ಟೇ ಗೊತ್ತು, ಕೇಳಿಸ್ಕೊಳ್ಳೋದು ಗೊತ್ತಿಲ್ಲ. ಇವತ್ತು ಹೊರಗೆ ಬರ್ತಾನೆ, ನಾಳೆ ಬರ್ತಾನೆ ಅಂತ ಕಾದೆ." ಅಮ್ಮ ಅವನ ತಲೆ ಸವರಿದಳು. "ನನಗಿರೋದೇ ಮೂರು ತಿಂಗಳು. ಅದರಲ್ಲಿ ಹನ್ನೊಂದು ಸಂಜೆ ಬಾಗಿಲು ಹಾಕ್ಕೊಂಡು ಕೂತ್ಬಿಟ್ಯಲ್ಲೋ, ದಡ್ಡ."