ಬಲಗಾಲಿನ ಮಡಿಕೆ

ದೊಡ್ಡ ಕಂಪನಿಗಳು ಹೊಸದೇನೋ ಹಿಡಿದುಕೊಂಡು ಬಂದಾಗಲೆಲ್ಲ ನಮ್ಮ ಹೊಲಿಗೆ ಘಟಕದಲ್ಲಿ ಒಂದಲ್ಲ ಒಂದು ತಮಾಷೆ ನಡೆದೇ ನಡೆಯುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಉಸ್ತುವಾರಿ ನನ್ನದು. ನಗು ತಡೆದುಕೊಳ್ಳುವ ಉಸ್ತುವಾರಿಯೂ ನನ್ನದೇ.

೧. ಮರೆತ ಕಾಲು

ಈ ಸಲ ಬಂದದ್ದು ಸೈಕಲ್ ಸವಾರರ ಜೀನ್ಸ್. ಮಹಾನಗರಗಳಲ್ಲಿ ಬೆಳಗಾದರೆ ಸೈಕಲ್ ಏರುವವರದೇ ಒಂದು ಪಂಥವಿದೆಯಂತೆ. ಚೈನಿಗೆ ಸಿಗದಂತೆ ಅವರು ಬಲಗಾಲಿನ ಪ್ಯಾಂಟನ್ನು ಮೇಲಕ್ಕೆ ಮಡಚುತ್ತಾರೆ. ಅದನ್ನು ನೋಡಿದ ಕಂಪನಿ ಬಲಗಾಲಿನ ಒಳಗಡೆ ಮಾತ್ರ ಹೊಳೆಯುವ ಪಟ್ಟಿ ಇಟ್ಟಿತ್ತು. ಮಡಚಿದರೆ ಪಟ್ಟಿ ಹೊರಬಂದು ಹಿಂದಿನ ಲಾರಿಯವನಿಗೆ ಫಳ್ಳನೆ ಕಾಣಬೇಕು. ಯಾರ ತಲೆಯೋ ಏನೋ, ಭೇಷ್ ಅನಿಸಿತು.

ಹತ್ತು ಮಾದರಿ ಹೊಲಿದು ಕಳಿಸಬೇಕಿತ್ತು. ಒಪ್ಪಿಗೆಯಾದರೆ ಇಡೀ ಘಟಕಕ್ಕೆ ಆರು ತಿಂಗಳ ಕೆಲಸ. ಇಲ್ಲದಿದ್ದರೆ ಮುಂದಿನ ತಿಂಗಳಿಂದ ಅರ್ಧ ಮಷಿನ್‌ಗಳಿಗೆ ಮುಸುಕು.

ಕೊರಿಯರ್ ಹೋದ ಮೇಲೆ ನಮ್ಮ ಕಟಿಂಗ್ ಮಾಸ್ಟರ್ ಬಂದು, "ಕಂಪ್ನಿಯವ್ರು ಒಂದ್ ಕಾಲಿಗೆ ಪಟ್ಟಿ ಹಚ್ಚಾದು ಮರ್ತಿದ್ರು ನೋಡ್ರಿ ಮೇಡಂ. ಪಾಪ ಅಂತ ಎರಡೂ ಕಾಲಿಗೆ ಹಚ್ಚಿಸೀನಿ" ಅಂದರು.

ನಾನು ಅವರ ಕಾಲು ನೋಡಿದೆ. ದಿನಾ ಸೈಕಲ್ಲಲ್ಲೇ ಬರುವ ಅವರ ಬಲಗಾಲಿನ ಪ್ಯಾಂಟು ಅಚ್ಚುಕಟ್ಟಾಗಿ ಮಡಚಿ, ಹಳೇ ಟ್ಯೂಬ್ ಕತ್ತರಿಸಿದ ರಿಂಗಿನಲ್ಲಿ ಬಿಗಿದಿತ್ತು. ಅವರೂ ಬಗ್ಗಿ ನೋಡಿಕೊಂಡರು.

"ಇದಾ? ಇದು ಫ್ಯಾಶನ್ ಅಲ್ರಿ. ಇದು ನನ್ನ ಕಾಲು."

೨. ಸಿರುಗುಪ್ಪದ ಉತ್ತರ

ಮೂರನೇ ದಿನ ಕಂಪನಿಯ ವಿನ್ಯಾಸದ ಹುಡುಗಿಯ ಫೋನು. "ಎಡಗಾಲಿಗೂ ಯಾಕೆ ಹಾಕಿದ್ರಿ?" ದನಿಯಲ್ಲೇ ಮಷಿನ್‌ಗಳಿಗೆ ಮುಸುಕು ಬೀಳುತ್ತಿತ್ತು. ಸ್ಪೀಕರ್ ಹಾಕಿದ್ದೇ ನನ್ನ ತಪ್ಪು. ನಾನು ಬಾಯಿ ತೆರೆಯುವ ಮೊದಲೇ ಮಾಸ್ಟರ್ ಶುರು ಮಾಡಿದರು.

"ಸೈಕಲ್ ಹೊಡಿಯೋನು ಒಂದ ಕಾಲು ಮಡಚ್ತಾನ ತಾಯಿ, ಖರೆ. ಸಿರುಗುಪ್ಪದ ಕಡಿ ಭತ್ತದ ಗದ್ದಿಗೆ ಇಳಿಯೋನು?"

"ಎರಡೂ," ಅಂದಳು ಹುಡುಗಿ.

"ಅವ್ನಿಗೆ ನಿಮ್ಮ ಪ್ಯಾಂಟು ಮಾರೋದು ಬ್ಯಾಡೇನು?"

ಆ ಕಡೆಯಿಂದ ನಗು. "ತಪ್ಪಾಯ್ತು ಅಂತ ಒಪ್ಕೊಳ್ಳಿ ಮಾಸ್ಟರ್."

"ತಪ್ಪ ಐತಿ. ಆದ್ರ ಉಪಯೋಗದ ತಪ್ಪು."

೩. ಬೆಳಕಿನ ಕಡೆ

ಬಲಗಾಲಿಗೆ ಮಾತ್ರ ಪಟ್ಟಿ ಹಾಕಿ ಇನ್ನೊಮ್ಮೆ ಹೊಲಿಯಿರಿ, ಜಾಹೀರಾತಿನ ಶೂಟಿಂಗನ್ನೂ ಬಳ್ಳಾರಿ ಕಡೆಯೇ ಮಾಡೋಣ, ಮಾದರಿ ನೋಡಿ ಅಲ್ಲೇ ಹೇಳುತ್ತೇನೆ ಅಂದಳು ಆ ಹುಡುಗಿ. ಕುರುಗೋಡು ರಸ್ತೆಯಲ್ಲಿ ಬಂಡೆಗಳ ಮುಂದೆ ಚಂದದ ಹುಡುಗನೊಬ್ಬನನ್ನು ತುಟ್ಟಿ ಸೈಕಲ್ ಮೇಲೆ ಕೂರಿಸಿದರು. ಕ್ಯಾಮೆರಾಕ್ಕೆ ಕಾಣುತ್ತಿದ್ದದ್ದು ಎಡಗಾಲು; ಮಡಚಿದ್ದೂ ಅದನ್ನೇ.

ಮಾಸ್ಟರ್‌ಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. "ಚೈನು ಬಲಕ್ಕೈತ್ರಿ. ಪಟ್ಟಿನೂ ಬಲಕ್ಕ."

"ಈ ಕಡೆ ಬೆಳಕು ಚೆನ್ನಾಗಿದೆ ಅಂಕಲ್," ಅಂದ ಕ್ಯಾಮೆರಾದವನು. "ಯಾರು ನೋಡ್ತಾರೆ?"

"ಸೈಕಲ್ ಹೊಡಿಯೋರು ನೋಡ್ತಾರ."

ಇಲ್ಲಿಗೆ ಆರ್ಡರ್ ಕೈತಪ್ಪಿದಂತೆಯೇ ಎಂದು ನಾನು ಮಾಸ್ಟರ್ ತೋಳು ಜಗ್ಗುತ್ತಿದ್ದೆ. ಆ ಹುಡುಗಿ ಎದ್ದಳು. ಬಲಗಾಲು ಮಡಚಿಸಿ, ಅದು ಕಾಣುವಂತೆ ಕ್ಯಾಮೆರಾ, ಕೊಡೆ, ಕುರ್ಚಿ ಎಲ್ಲವನ್ನೂ ರಸ್ತೆಯ ಆಚೆಗೆ ಹೊರಿಸಿದಳು. ಬಿಸಿಲಿನಲ್ಲಿ ಮುಕ್ಕಾಲು ಗಂಟೆ, ಒಂದು ಮಡಿಕೆಗಾಗಿ. ಮಾಸ್ಟರ್ ತಮ್ಮ ಟ್ಯೂಬಿನ ರಿಂಗ್ ಬಿಚ್ಚಿ ಹುಡುಗನ ಕಾಲಿಗೆ ತಾವೇ ಹಾಕಿದರು. ದೊಡ್ಡ ಕಂಪನಿಗಳು ಸುಮ್ಮನೆ ದೊಡ್ಡವಾಗಿರುವುದಿಲ್ಲ ಅನಿಸಿತು ನನಗೆ. ಸಂಜೆ ಹೊರಡುವಾಗ, "ಮಾದರಿ ಪಾಸ್. ಆ ರಿಂಗ್ ಕೂಡ ಪ್ರತಿ ಪ್ಯಾಂಟಿನ ಜೊತೆ ಬೇಕು" ಅಂದಳು.

ಮಾಸ್ಟರ್ ನನ್ನ ಕಿವಿಯಲ್ಲಿ, "ಪಂಚರ್ ಅಂಗಡಿಯಾತಗ ಹೇಳಿಡ್ತೀನ್ರಿ, ಟ್ಯೂಬ್ ಒಗಿಬ್ಯಾಡ ಅಂತ."

೪. ಬ್ರೂಸ್‌ಪೇಟೆಯ ಬೋರ್ಡು

ಎರಡು ತಿಂಗಳಲ್ಲಿ ಬ್ರೂಸ್‌ಪೇಟೆಯಲ್ಲಿ ಆ ಜಾಹೀರಾತಿನ ಮನೆಯಷ್ಟು ದೊಡ್ಡ ಬೋರ್ಡು ಬಂತು. ಬಲಗಾಲು, ಮಡಿಕೆ, ರಿಂಗು, ಎಲ್ಲ ಪಕ್ಕಾ. ಘಟಕದವರೆಲ್ಲ ಹೋಗಿ ನೋಡಿ ಬಂದೆವು.

ಮಾರನೇ ದಿನ ಮಾಸ್ಟರ್ ಬಂದಾಗ ಎರಡೂ ಕಾಲಿನ ಪ್ಯಾಂಟು ನೀಟಾಗಿ ಇಳಿಬಿಟ್ಟಿತ್ತು. ಬಲಗಾಲಿನ ಅಂಚು ಮಾತ್ರ ಚೈನಿಗೆ ಸಿಕ್ಕು ಹರಿದು, ಗ್ರೀಸ್ ಮೆತ್ತಿ ಕರ್ರಗಾಗಿತ್ತು.

"ಯಾಕ್ರಿ ಮಾಸ್ಟರ್, ಮಡಚಿಲ್ಲ?"

"ಹೆಂಗ ಮಡಚ್ಲಿರಿ ಮೇಡಂ? ನಿನ್ನಿ ಆ ಬೋರ್ಡಿನ ಕೆಳಗ ಪರಿಚಯದಾತೊಬ್ಬ ತಡದು ಕೇಳಿದ, 'ಈ ವಯಸ್ಸಿನಾಗ ಆ ಹುಡುಗನ್ನ ನೋಡಿ ಕಾಪಿ ಹೊಡಿತಿಯೇನಲೇ?' ಅಂತ."